ಬಿಳಿಕಲ್ಲು ಸ್ಟೇಷನ್ನಿನ ಭಾನುವಾರಗಳು

ಆ ದಿನಗಳಲ್ಲಿ ಹೈದರಾಬಾದ್ ಲಿಂಗಂಪಲ್ಲಿಗೆ ಮುಗಿದುಹೋಗುತ್ತಿತ್ತು. ಸ್ಟೇಷನ್ನಿನಿಂದ ಹೊರಬಿದ್ದು ನಮ್ಮ ಕಾಲನಿಯ ಕಡೆ ನಡೆದರೆ ನಾಲ್ಕಾರು ಅಂಗಡಿ, ಒಂದು ಇರಾನಿ ಹೋಟೆಲು, ಅದರಾಚೆಗೆ ಬರೀ ಬಂಡೆ. ಒಂದರ ಮೇಲೊಂದು ಕೂತ ಆ ದೊಡ್ಡ ಬಂಡೆಗಳನ್ನು ಸಿಡಿಸುವ ಕೆಲಸ ಆಗಷ್ಟೇ ಶುರುವಾಗಿತ್ತು. ಮಧ್ಯಾಹ್ನ ನಾವು ಊಟಕ್ಕೆ ಕೂತಾಗ ದೂರದಲ್ಲೆಲ್ಲೋ ಧಡ್ ಎಂದು ಸದ್ದಾಗಿ, ನೀರಿನ ಲೋಟ ಸಣ್ಣಗೆ ನಡುಗುತ್ತಿತ್ತು. “ಕಂಪ್ಯೂಟರ್ ಆಫೀಸ್ ಕಟ್ಟಾಕತ್ತಾರ” ಎಂದು ಅಪ್ಪ ಹೇಳುತ್ತಿದ್ದರು. ಆ ಮಾತಿನಲ್ಲಿ ಬೆರಗೂ ಇರುತ್ತಿತ್ತು, ಸ್ವಲ್ಪ ಅಂಜಿಕೆಯೂ ಇರುತ್ತಿತ್ತು. ಅದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ.

ನಮ್ಮದು ರಾಯಚೂರು ಕಡೆಯ ಮನೆತನ. ಅಪ್ಪ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಗೆ ಫಿಟರ್ ಆಗಿ ಸೇರಿ ಫೋರ್‌ಮನ್ ಆಗಿದ್ದರು. ಸಾಲ ಮಾಡಿ ಕಟ್ಟಿದ ಸ್ವಂತ ಮನೆ: ಕೆಳಗೆ ಎರಡು ಕೋಣೆ, ಅಡಿಗೆಮನೆ. ಮೇಲೆ ಸಿಮೆಂಟ್ ಶೀಟು ಹೊದೆಸಿದ ಒಂದು ಉದ್ದನೆಯ ಕೋಣೆ. ಅವ್ವನ ಪ್ರಕಾರ ಅದು ಊರಿಂದ ಬರುವ ಜೋಳದ ಚೀಲ ಇಡುವ ಜಾಗ. ಅಪ್ಪ ಮಾತ್ರ ಅದಕ್ಕೆ ಮೊದಲಿನಿಂದಲೂ ಬೇರೆ ಏನೋ ಯೋಚಿಸಿಕೊಂಡಿದ್ದರು ಅಂತ ಕಾಣುತ್ತದೆ.

ಒಂದು ಭಾನುವಾರ ಅಕ್ಕನ ಪುಸ್ತಕ ತರಲು ಕೋಠಿಗೆ ಹೋದವರು ಫುಟ್‌ಪಾತಿನಲ್ಲಿ ಹಳೇ ಸಾಮಾನು ಮಾರುವವನ ಹತ್ತಿರ ಒಂದು ರಟ್ಟಿನ ಡಬ್ಬಿ ನೋಡಿದರು. ಒಳಗೆ ಯಾವುದೋ ಪರದೇಶದ ಆಟದ ರೈಲು: ಅಂಗೈಯಷ್ಟುದ್ದದ ಕರೀ ಎಂಜಿನ್, ಎರಡು ಬೋಗಿ, ತುಕ್ಕು ಹಿಡಿದ ಒಂದಷ್ಟು ಬಾಗಿದ ಹಳಿ. ಅದು ಓಡುತ್ತದೋ ಇಲ್ಲವೋ ಮಾರುವವನಿಗೇ ಗೊತ್ತಿರಲಿಲ್ಲ. ಅಪ್ಪ ಅದನ್ನು ಮನೆಗೆ ತಂದು, ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಸಂಜೆಯ ಹೊತ್ತಿಗೆ ಅಡಿಗೆಮನೆಯ ಕಲ್ಲಿನ ಮೇಲೆ ಓಡಿಸಿದರು. ಅದು ಹಿಟ್ಟಿನ ಡಬ್ಬಿಯನ್ನು ಸುತ್ತುಹಾಕಿ ಬಂದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡಿದಳು. ಅಕ್ಕ ಮಾತ್ರ, “ಅಪ್ಪಾ, ಇದು ಸುಮ್ನ ಸುತ್ತತೈತಿ. ಎಲ್ಲಿಗ್ಯಾರ ಹೋಗಬೇಕಲ್ರಿ” ಅಂದಳು.

ಆ ಒಂದು ಮಾತಿನಿಂದ ನಮ್ಮ ಲೈನು ಹುಟ್ಟಿತು.

ಅಕ್ಕನ ಹೆಸರು ನಂದಾ. ನನಗಿಂತ ಹತ್ತು ವರ್ಷಕ್ಕೂ ಮಿಕ್ಕಿ ದೊಡ್ಡವಳು. ಬಿ.ಎಸ್ಸಿ. ಮುಗಿಸಿ, ಆ ಕಾಲದ ಎಲ್ಲರಂತೆ ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕೋರ್ಸಿಗೆ ಹೋಗುತ್ತಿದ್ದಳು. ಅಲ್ಲಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಬಾಡಿದ ಮುಖ ತೊಳೆದು, ಚಹಾ ಕುಡಿದವಳೇ ಮೇಲಿನ ಕೋಣೆಗೆ ಹತ್ತಿದರೆ ಬೇರೆ ಮನುಷ್ಯಳಾಗುತ್ತಿದ್ದಳು. ಆ ಮಳೆಗಾಲ ಶುರುವಾದಾಗ ಅಪ್ಪ ಹಲಗೆ ಜೋಡಿಸಿ ಗೋಡೆಯುದ್ದಕ್ಕೂ ಕಟ್ಟೆ ಮಾಡಿದರು. ಚಳಿಗಾಲ ಬರುವ ಹೊತ್ತಿಗೆ ಅದರ ಮೇಲೆ ಒಂದು ಸೀಮೆಯೇ ಎದ್ದು ನಿಂತಿತ್ತು.

ಗುಡ್ಡ ಮಾಡುವ ಕೆಲಸ ನನ್ನದು ಮತ್ತು ಅವ್ವನದು. ತಂತಿ ಜಾಳಿಗೆಯನ್ನು ಬಗ್ಗಿಸಿ, ಅದರ ಮೇಲೆ ಮೈದಾ ಅಂಟಿನಲ್ಲಿ ಅದ್ದಿದ ಹಳೇ ಪೇಪರನ್ನು ಪದರ ಪದರವಾಗಿ ಹಚ್ಚುವುದು. ಅಂಟಿಗೆ ಹುಳ ಬೀಳದ ಹಾಗೆ ಅಪ್ಪ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಆ ಹುಳಿ ಹುಳಿ ವಾಸನೆ ನನ್ನ ಉಗುರಿನಲ್ಲೇ ಉಳಿದು, ಶಾಲೆಯಲ್ಲಿ ಪಕ್ಕದವಳು ಮೂಗು ಮುಚ್ಚಿಕೊಳ್ಳುತ್ತಿದ್ದಳು. ಕುಡಿದುಳಿದ ಚಹಾಪುಡಿಯನ್ನು ಬಿಸಿಲಿಗೆ ಒಣಗಿಸಿದರೆ ಹೊಲದ ಮಣ್ಣು. ಬಡಗಿಯ ಅಂಗಡಿಯ ಹೊಟ್ಟಿಗೆ ಹಸಿರು ಬಣ್ಣ ಹಾಕಿದರೆ ಹುಲ್ಲು. ಒಣಗಿದ ಹೀರೇಕಾಯಿಯ ನಾರನ್ನು ಕತ್ತರಿಸಿ ಕಡ್ಡಿಗೆ ಸಿಗಿಸಿದರೆ ಬೇವಿನ ಮರ. ಮೊದಮೊದಲು “ಜ್ವಾಳದ ಚೀಲ ನನ್ನ ತಲಿಮ್ಯಾಲೆ ಇಟ್ಕೊಳ್ಳೇನು” ಎಂದು ಗೊಣಗುತ್ತಿದ್ದ ಅವ್ವ, ನಾನು ಮಾಡಿದ ಹೊಲ ನೋಡಿ ಸುಮ್ಮನಿರಲಾರದೆ, “ಸಾಲು ಹಿಂಗ ಇರ್ತಾವೇನ? ಸರಿ ಅತ್ಲಾಗ” ಎಂದು ತಾನೇ ಕೂತು ಬಾಚಣಿಕೆಯಿಂದ ಗೆರೆ ಎಳೆದಿದ್ದಳು. ಆಮೇಲೆ ನಮ್ಮ ಲೈನಿನ ಹೊಲಗಳೆಲ್ಲ ಅವಳವೇ.

ಅಪ್ಪನದು ಹಳಿ, ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಸರಿಸುವ ಪಾಯಿಂಟು, ಸಿಗ್ನಲ್ಲು. ಕೋಠಿಯ ಅದೇ ಫುಟ್‌ಪಾತಿನಿಂದ ಇನ್ನೊಂದು ಎಂಜಿನ್ನೂ ಒಂದಷ್ಟು ಗೂಡ್ಸ್ ಬೋಗಿಗಳೂ ಬಂದವು. ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ ಶೀಟಿನ ಕೆಳಗೆ ಮೋಡದ ಹಾಗೆ ನಿಲ್ಲುತ್ತಿತ್ತು. ಕಾರ್ಖಾನೆಯಲ್ಲಿ ಅಪ್ಪನನ್ನು ಕಂಡರೆ ಎಲ್ಲರಿಗೂ ಭಯವಂತೆ. ಮನೆಯಲ್ಲೂ ಮಾತು ಕಡಿಮೆ. ಆದರೆ ಆ ಕೋಣೆಯಲ್ಲಿ ಅವರು ಲುಂಗಿ ಮೇಲೆತ್ತಿ ಕಟ್ಟಿ, ಹಲಗೆಯ ಕೆಳಗೆ ಅಂಗಾತ ಮಲಗಿ, “ನಂದಾ, ಈಗ ನೋಡು” ಎಂದು ಕೂಗುತ್ತಿದ್ದರು. ಅಕ್ಕ ಮೇಲಿಂದ “ಇಲ್ರೀ ಅಪ್ಪಾ, ಇನ್ನಾ ಬಲಕ್ಕ” ಅನ್ನುತ್ತಿದ್ದಳು. ಅವರಿಬ್ಬರೂ ಬೇರೆ ಎಲ್ಲಿಯೂ ಅಷ್ಟು ಮಾತಾಡಿದ್ದನ್ನು ನಾನು ಕೇಳಿಲ್ಲ.

ಲೈನಿಗೆ ಮೂರು ಸ್ಟೇಷನ್. ಈ ತುದಿಗೆ ಬಂಡಿಹಾಳ, ಆ ತುದಿಗೆ ಬಿಳಿಕಲ್ಲು, ನಡುವೆ ನಡುಗಡ್ಡಿ. ಒಂಟಿ ಹಳಿ, ನಡುಗಡ್ಡಿಯಲ್ಲಿ ಮಾತ್ರ ಪಕ್ಕಕ್ಕೆ ಸರಿದು ನಿಲ್ಲಲು ಒಂದು ಲೂಪ್ ಲೈನು. ಹೆಸರಿಟ್ಟವಳೂ, ಟೈಮ್‌ಟೇಬಲ್ ಬರೆದವಳೂ ಅಕ್ಕ. ಭಾನುವಾರ ಊಟವಾದ ಮೇಲೆ ನಾಲ್ವರೂ ಮೇಲೆ ಹತ್ತುತ್ತಿದ್ದೆವು. ಬಂಡಿಹಾಳಕ್ಕೆ ಅಪ್ಪ, ನಡುಗಡ್ಡಿಗೆ ನಾನು, ಬಿಳಿಕಲ್ಲಿಗೆ ಅವ್ವ. ಅಕ್ಕ ಕಂಟ್ರೋಲರ್. ಅವಳ ಮುಂದೆ ರಟ್ಟಿನ ಗಡಿಯಾರ. ಅದರ ಮುಳ್ಳನ್ನು ಅವಳು ಎಷ್ಟಕ್ಕೆ ತಿರುಗಿಸಿದರೆ ನಮಗೆ ಅಷ್ಟು ಗಂಟೆ. ಪ್ರತಿ ಸ್ಟೇಷನ್ನಿಗೂ ಒಂದು ಸೈಕಲ್ ಬೆಲ್ಲು. ರೈಲು ಬಿಡುವ ಮುಂಚೆ ಮುಂದಿನ ಸ್ಟೇಷನ್ನಿಗೆ ಬೆಲ್ಲು ಹೊಡೆದು ದಾರಿ ಖಾಲಿ ಇದೆಯೇ ಎಂದು ಕೇಳಬೇಕು. ಅವರು ತಿರುಗಿ ಬೆಲ್ಲು ಹೊಡೆದರೆ ಲೈನ್ ಕ್ಲಿಯರ್. ಇಲ್ಲದಿದ್ದರೆ ಯಾವ ಗಾಡಿಯೂ ಕದಲುವ ಹಾಗಿಲ್ಲ, ಅಪ್ಪನ ಗಾಡಿಯೂ.

ಅವ್ವನ ಬಿಳಿಕಲ್ಲಿನಿಂದ ಗಾಡಿ ಯಾವಾಗಲೂ ತಡ. “ಹಾಲು ಒಲಿಮ್ಯಾಲೆ ಅದಾವ, ನಿಮ್ಮ ಪ್ಯಾಸೆಂಜರ್ ಸ್ವಲ್ಪ ನಿಲ್ಲಲಿ” ಎಂದು ಅವಳು ಕೆಳಗೆ ಇಳಿದುಬಿಡುತ್ತಿದ್ದಳು. ಅಕ್ಕ ತಲೆ ಎತ್ತದೆ, “ಬಿಳಿಕಲ್ಲಿನ್ಯಾಗ ಹಾಲಿನ ಸಲುವಾಗಿ ತಡ” ಎಂದು ರಟ್ಟಿನ ಗಡಿಯಾರವನ್ನು ನಿಲ್ಲಿಸುತ್ತಿದ್ದಳು. ಅಪ್ಪ ನಗುತ್ತಿದ್ದರು. ಅವ್ವ ಮರಳಿ ಬರುವಾಗ ಮಂಡಾಳ ಒಗ್ಗರಣೆಯ, ಅಂದರೆ ಒಗ್ಗರಿಸಿದ ಮಂಡಕ್ಕಿಯ, ತಟ್ಟೆ ಹಿಡಿದುಕೊಂಡು ಬರುತ್ತಿದ್ದಳು. ಎಣ್ಣೆಗೈಯಲ್ಲಿ ಹಳಿ ಮುಟ್ಟಬಾರದೆಂದು ಅಕ್ಕ ನಮಗೆಲ್ಲ ಚಮಚೆ ಕೊಡುತ್ತಿದ್ದಳು. ನಿಮ್ಮ ಮನೆಯಲ್ಲೂ ಅಂಥದೊಂದು ಭಾನುವಾರ ಇದ್ದಿರಬೇಕು. ಇದ್ದಾಗ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಾಘ ಮುಗಿದು ಬಿಸಿಲು ಏರತೊಡಗಿದಾಗ ಬಸಣ್ಣ ಮಾಮಾ ಒಂದು ಸಂಬಂಧ ತಂದ. ಅವನು ಅವ್ವನ ದೂರದ ಅಣ್ಣ, ಅಪ್ಪನ ಕಾರ್ಖಾನೆಯಲ್ಲೇ ಕೆಲಸ. ಹುಡುಗ ವಾಡಿ ಕಡೆಯವನು, ಹೆಸರು ಶರಣಪ್ಪ, ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಅಸಿಸ್ಟೆಂಟ್ ಡ್ರೈವರ್. “ಭಾನುವಾರ ಸಂಜಿಮುಂದ ಬರ್ತಾರ” ಎಂದು ಮಾಮಾ ಹೇಳಿದ್ದ. ಯಾವಾಗಲೂ ತಡವಾಗುವ ಗಾಡಿ ಅವತ್ತು ಹೊತ್ತಿಗೆ ಸರಿಯಾಗಿ ಬಂತೋ, ಮಾಮಾ ತಪ್ಪು ಹೇಳಿದನೋ, ಮಧ್ಯಾಹ್ನವೇ ಗೇಟಿನ ಸದ್ದಾಯಿತು. ಅಪ್ಪ ಬಂಡಿಹಾಳವನ್ನು ಬಿಟ್ಟು ಅಂಗಿ ಹುಡುಕುತ್ತಾ ಓಡಿದರು. ಅವ್ವನೂ ಇಳಿದು ಹೋದಳು. ಸ್ವಲ್ಪ ಹೊತ್ತಿಗೆ ಅವಳು ಮೆಟ್ಟಿಲ ತಲೆಗೆ ಬಂದು ದನಿ ತಗ್ಗಿಸಿ ಅಕ್ಕನನ್ನು ಗದರಿದಳು:

“ಸೀರಿ ಉಟ್ಕೊಂಡು ಲಗೂನ ಕೆಳಗ ಬಾ. ಹುಡುಗ, ಅವನವ್ವ, ಸೋದರಮಾವ, ಎಲ್ಲಾರೂ ಬಂದು ಕುಂತಾರ.”

“ಗೂಡ್ಸ್ ಇನ್ನಾ ಲೂಪಿಗೆ ಹೋಗಿಲ್ಲವ್ವ. ಪ್ಯಾಸೆಂಜರ್ ಆ ಕಡಿಂದ ಬಿಟ್ಟೈತಿ. ಹಿಂಗ ಬಿಟ್ಟು ಬರಾಕ ಆಗೂದಿಲ್ಲ.”

“ಮಂದಿ ಬಂದು ಕುಂತಾರ, ಇಕಿಗೆ ಗೂಡ್ಸಿನ ಚಿಂತಿ.”

ಅಕ್ಕ ಅವಸರ ಮಾಡಲಿಲ್ಲ. ಗೂಡ್ಸನ್ನು ನನ್ನ ನಡುಗಡ್ಡಿಯ ಲೂಪಿಗೆ ಸರಿಸಿ, ಪ್ಯಾಸೆಂಜರನ್ನು ಪಕ್ಕದಲ್ಲಿ ಹಾಯಿಸಿ, ಕರೆಂಟ್ ಆರಿಸಿ ಇಳಿದುಹೋದಳು. ನಾನೊಬ್ಬಳೇ ಉಳಿದೆ. ಮುಂದಿನ ಗಾಡಿಯ ಹೊತ್ತಾಗಿತ್ತು. ರೂಢಿಯಲ್ಲಿ ಬಿಳಿಕಲ್ಲಿಗೆ ಬೆಲ್ಲು ಹೊಡೆದೆ. ತಿರುಗಿ ಹೊಡೆಯುವವರು ಯಾರೂ ಇಲ್ಲ, ಮತ್ತೊಮ್ಮೆ ಹೊಡೆದೆ.

ಕೆಳಗೆ ಏನಾಯಿತೆಂದು ಅವ್ವ ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ. ಅವಲಕ್ಕಿಯ ತಟ್ಟೆ ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ಕೂತಿದ್ದ ಹುಡುಗ ತಟ್ಟನೆ ಮಾಳಿಗೆಯ ಕಡೆ ನೋಡಿದನಂತೆ.

“ಮ್ಯಾಲೆ ಯಾರೋ ಲೈನ್ ಕ್ಲಿಯರ್ ಕೇಳಲಿಕತ್ತಂಗ ಅದ ಅಲ್ರಿ?”

ಆ ಮಾತಿಗೆ ಅಪ್ಪನ ಮುಖ ಅರಳಿತಂತೆ. ತಟ್ಟೆ ಮುಗಿಯುವವರೆಗೂ ಕಾಯದೆ ಅವನನ್ನು ಮೇಲೆ ಕರೆತಂದರು. ತೆಳ್ಳಗೆ, ಕಪ್ಪಗೆ, ಹೊಸ ಅಂಗಿಯ ಮಡಿಕೆ ಇನ್ನೂ ಬಿಡಿಸಿಕೊಳ್ಳದ ಹುಡುಗ. ದೇವರ ಮನೆಗೆ ಬಂದವರ ಹಾಗೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೈ ಹಿಂದೆ ಕಟ್ಟಿ ನಿಂತ. ಗುಡ್ಡ, ಹೊಲ, ಬೇವಿನ ಮರಗಳನ್ನು ಒಂದೊಂದಾಗಿ ನೋಡಿದ. ಯಾವುದನ್ನೂ ಮುಟ್ಟಲಿಲ್ಲ. ಹಿಂದೆಯೇ ಸೀರೆಯಲ್ಲಿ ಬಂದಿದ್ದ ಅಕ್ಕನ ಕಡೆ ತಿರುಗಿ ಕೇಳಿದ:

“ನನಗೊಂದು ಸ್ಟೇಷನ್ ಕೊಡ್ತೀರೇನ್ರಿ?”

“ಬಿಳಿಕಲ್ಲು ಖಾಲಿ ಐತ್ರಿ. ಅವ್ವ ಕೆಳಗ ಅದಾಳ.”

ಅವನು ಬಿಳಿಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಅಕ್ಕ ಸೆರಗನ್ನು ಸೊಂಟಕ್ಕೆ ಸಿಗಿಸಿ ಗಡಿಯಾರದ ಮುಂದೆ ಕೂತಳು. ಕೆಳಗೆ ಎರಡೂ ಕಡೆಯ ಹಿರಿಯರು ಚಹಾದ ಮೇಲೆ ಚಹಾ ಕುಡಿಯುತ್ತಾ ಕಾದರು. ಗಾಡಿ ಬಿಡುವ ಮೊದಲ ಸಲವೇ ಅವನು ಬೆಲ್ಲು ಹೊಡೆಯುವುದನ್ನು ಮರೆತ. ಅಕ್ಕ ದನಿ ಏರಿಸದೆ, “ಬಿಳಿಕಲ್ಲು, ಯಾರನ್ನ ಕೇಳಿ ಬಿಟ್ರಿ ಗಾಡಿ?” ಅಂದಳು. ಅಪ್ಪ ಗಾಬರಿಯಾಗಿ ಅವಳ ಕಡೆ ನೋಡಿದರು. ಅವನು ಎರಡೂ ಕಿವಿ ಹಿಡಿದುಕೊಂಡು, “ಅಲ್ಲಿ ಹಿಂಗ ಮಾಡಿದ್ರ ಮನಿಗೆ ಕಳಿಸ್ತಾರ್ರಿ. ಇಲ್ಲಿ ಒಂದು ಸಲ ಮಾಫ್ ಮಾಡ್ರಿ” ಎಂದು ನಕ್ಕ. ಅಕ್ಕನೂ ನಕ್ಕಳು. ಹೊರಗಿನವರ ಮುಂದೆ ಅವಳು ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಗಾಡಿಗಳ ನಡುವೆ ಅವರು ಮಾತಾಡಿದ್ದು ಕಡಿಮೆ. ಗೂಡ್ಸನ್ನು ಎಷ್ಟೋ ಹೊತ್ತು ಲೂಪಿನಲ್ಲಿ ನಿಲ್ಲಿಸುತ್ತಾರಂತಲ್ಲ, ಆಗ ಏನು ಮಾಡುತ್ತೀರಿ ಎಂದು ಅಕ್ಕ ಕೇಳಿದಳು.

“ಏನೂ ಇಲ್ರಿ. ಸುಮ್ನ ಕೂಡೂದು. ಹೆಸರಿಲ್ಲದಂಥ ಸ್ಟೇಷನ್ ಇರ್ತಾವ, ಮುಂಜಾನೆ ನವಿಲು ಹಳಿಮ್ಯಾಲೆ ಬರ್ತಾವ. ಕೆಲವರಿಗೆ ಬ್ಯಾಸರ ಬರ್ತದ. ನನಗ ಅದ ಸೇರ್ತದ್ರಿ.”

ಅಕ್ಕ ಮುಳ್ಳು ತಿರುಗಿಸುವುದನ್ನು ಮರೆತು ಕೂತಿದ್ದಳು. ನಾನು, “ಅಕ್ಕಾ, ಟೈಮ್” ಎಂದು ನೆನಪಿಸಬೇಕಾಯಿತು.

ಮಾತು ಪಕ್ಕಾ ಆಗಲಿಲ್ಲ. ತಿಳಿಸುತ್ತೇವೆ ಎಂದು ಹಿರಿಯರು ಎದ್ದರು. ಆದರೆ ಎರಡು ವಾರ ಕಳೆದು ಶರಣಪ್ಪ ಒಬ್ಬನೇ ಬಂದ. ಸಿಕಂದರಾಬಾದಿಗೆ ಡ್ಯೂಟಿ ಮೇಲೆ ಬಂದಿದ್ದನಂತೆ, ಬಿಡುವಿತ್ತಂತೆ. ಅಪ್ಪನೇ ಖುಷಿಯಿಂದ ಒಳಗೆ ಕರೆದರು. ಆಮೇಲೆ ಆ ಬೇಸಿಗೆಯಲ್ಲಿ ಮತ್ತೆ ಕೆಲವು ಭಾನುವಾರ ಬಂದ. ಬಂದಾಗಲೆಲ್ಲ ಬಿಳಿಕಲ್ಲು ಅವನದು. ಅವ್ವನಿಗೆ ಅದು ಅನುಕೂಲವೇ ಆಗಿತ್ತು. ಅಡಿಗೆಮನೆಯಿಂದಲೇ “ಬಿಳಿಕಲ್ಲು ಮಾಸ್ತರ್‌ಗೆ ಮಿರ್ಚಿ ಎಷ್ಟು ಬೇಕು ಕೇಳು” ಎಂದು ಕೂಗುತ್ತಿದ್ದಳು. ಅವನ “ಅದ” ಮತ್ತು ನಮ್ಮ “ಐತಿ” ಕುರಿತು ನಗೆಯಾಡುತ್ತಿದ್ದಳು. ಅಪ್ಪ ಅವನನ್ನು ಹಲಗೆಯ ಕೆಳಗೆ ಎಳೆದುಕೊಂಡು ಹೋಗಿ ವೈರು ತೋರಿಸುತ್ತಿದ್ದರು. ಹೊರಗೆ ಎರಡು ಜೊತೆ ಕಾಲು ಮಾತ್ರ ಕಾಣುತ್ತಿದ್ದವು, ಒಳಗಿಂದ ಮಾತು ಕೇಳುತ್ತಿತ್ತು. ಮನೆಗೆ ಗಂಡುಮಗ ಬಂದ ಹಾಗೆ ಇದೆ ಎಂದು ಅವ್ವ ಒಮ್ಮೆ ಪಕ್ಕದ ಮನೆಯ ಆಪಾಗೆ ಹೇಳಿದ್ದಳು. “ಅಚ್ಛಾ ಹೈ, ಕರ್ ದೋ ಶಾದಿ”, ಒಳ್ಳೆಯದೇ, ಮದುವೆ ಮಾಡಿಬಿಡಿ ಎಂದು ಆಪಾ ಗೋಡೆಯ ಮೇಲಿಂದಲೇ ಅಂದಿದ್ದರು.

ಒಂದು ಸಲ ಅವನು ನಮ್ಮ ಬಿಳಿಕಲ್ಲನ್ನು ನೋಡುತ್ತಾ, “ಹೆಸರು ಬಿಳಿಕಲ್ಲು ಅಂತ ಇಟ್ಟೀರಿ, ಎಲ್ಲಾ ಹಸರು ಅದ ಅಲ್ರಿ” ಅಂದ. “ನಮ್ಮ ಕಡಿ ಸುಣ್ಣದಕಲ್ಲಿನ ಧೂಳು ಬಿದ್ದು ಸ್ಟೇಷನ್ ಛಾವಣಿ, ಗಿಡದ ಎಲಿ, ಕುಂತ ನಾಯಿ ಸೈತ ಬೆಳ್ಳಗ ಇರ್ತಾವ.”

“ಹಂಗಾದ್ರ ಆ ಧೂಳ ತಂದು ಕೊಡ್ರಿ” ಎಂದಳು ಅಕ್ಕ.

ಅಷ್ಟರಲ್ಲಿ ಎರಡನೆಯ ಸಂಬಂಧ ಬಂತು. ಹುಡುಗ ಸಾಫ್ಟ್‌ವೇರ್. ಬಂಡೆ ಸಿಡಿಸಿದ ಜಾಗದಲ್ಲಿ ಎದ್ದ ಗಾಜಿನ ಕಟ್ಟಡಗಳಲ್ಲೊಂದರಲ್ಲಿ ಕೆಲಸ, ಕೂಕಟ್‌ಪಲ್ಲಿಯಲ್ಲಿ ಫ್ಲ್ಯಾಟು. ತಂದವನು ಮತ್ತೆ ಬಸಣ್ಣ ಮಾಮಾನೇ. ರೈಲ್ವೆ ಹುಡುಗನ ಹೆಸರೆತ್ತಿದಾಗ ಅವನು ಅದನ್ನು ಬಿಡಿ ಎಂಬಂತೆ ಕೈ ಅಲ್ಲಾಡಿಸಿದ. ಆಗ ಊರೆಲ್ಲ ಸಾಫ್ಟ್‌ವೇರಿನದೇ ಗಾಳಿ. ಅಪ್ಪನ ಕಾರ್ಖಾನೆಯಲ್ಲಿ ವಯಸ್ಸಾದವರನ್ನು ತಾವಾಗಿಯೇ ಬಿಟ್ಟು ಹೋಗಲು ಕೇಳುತ್ತಿದ್ದರು. ಒಂದು ಶೆಡ್ಡಿಗೆ ಬೀಗ ಬಿದ್ದಿತ್ತು. ಅಪ್ಪ ಆ ದಿನಗಳಲ್ಲಿ ಊಟ ಮುಗಿಸಿ ತಮ್ಮ ಅಂಗೈಗಳನ್ನೇ ನೋಡುತ್ತಾ ಕೂತಿರುತ್ತಿದ್ದರು. ಎಣ್ಣೆ ಕರೆ ಹಿಡಿದ ಗೆರೆಗಳು, ಎಷ್ಟು ತೊಳೆದರೂ ಹೋಗದಂಥವು.

ಒಂದು ಸಂಜೆ ಅವರು ಅಕ್ಕನನ್ನು ಕರೆದು ಕೂಡಿಸಿಕೊಂಡರು. ನಾನು ಹೊಸ್ತಿಲ ಹತ್ತಿರ ಶೇಂಗಾ ಸುಲಿಯುತ್ತಿದ್ದೆ. ಅವ್ವ ಒಲೆಯ ಮುಂದಿದ್ದಳು.

“ಎರಡೂ ಸಂಬಂಧ ನಿನಗ ಗೊತ್ತೈತಿ. ನಿನ್ನ ಮನಸಿನ್ಯಾಗ ಏನೈತಿ ಹೇಳು” ಅಂದರು ಅಪ್ಪ.

ಅಕ್ಕ ತಡಮಾಡಲಿಲ್ಲ. “ನನಗ ಶರಣಪ್ಪನವ್ರು ಆಗಬಹುದ್ರಿ ಅಪ್ಪಾ” ಅಂದಳು.

ಅಪ್ಪ ತಮ್ಮ ಅಂಗೈಗಳ ಕಡೆ ನೋಡಿದರು. ಅವರಿಗೂ ಅವನೇ ಹಿಡಿಸಿದ್ದ, ಅದು ನನಗೂ ಗೊತ್ತಿತ್ತು. ಹಾಗಾಗಿ ಅವರು ಹೂಂ ಅನ್ನುತ್ತಾರೆಂದೇ ನಾನು ಕಾದಿದ್ದೆ.

“ನಿಮ್ಮವ್ವ ಇಷ್ಟು ವರ್ಷ ನನ್ನ ಶಿಫ್ಟ್ ಕಾದು ಕುಂತಾಳ. ಹಬ್ಬ ಇಲ್ಲ, ಹುಣ್ಣಿವಿ ಇಲ್ಲ. ಮಗಳೂ ಹಂಗ ಡ್ಯೂಟಿ ನೋಡಿ ಬಾಗಲಾ ತೆಗಿಯೂದು ಬ್ಯಾಡ.”

ಒಲೆಯ ಮುಂದಿಂದ ಅವ್ವ ತಿರುಗದೆಯೇ ಹೇಳಿದಳು: “ನಾ ಯಾವತ್ತರ ಬ್ಯಾಸರ ಅಂದೀನೇನ್ರಿ?”

ಅಪ್ಪ ಅಕ್ಕನ ಕಡೆಗೇ ತಿರುಗಿದರು. “ರೈಲು ಆಟಕ್ಕ ಛಂದ, ನಂದಾ. ಸಂಸಾರಕ್ಕ ಅಲ್ಲ” ಅಂದರು.

ಅಕ್ಕ ಅವರ ಮುಖವನ್ನೇ ನೋಡಿದಳು. “ನಾವು ಮ್ಯಾಲೆ ಮಾಡಿದ್ದು ಆಟ ಏನ್ರಿ ಅಪ್ಪಾ?”

“ಆಟ ಅಲ್ಲದ ಮತ್ತೇನವ್ವ” ಎಂದು ಅಪ್ಪ ಎದ್ದು ಹೊರಗೆ ಹೋದರು. ಅಕ್ಕ ಅಳಲಿಲ್ಲ. ನನ್ನ ಪಕ್ಕದಲ್ಲಿ ಬಂದು ಕೂತು, ಉಳಿದ ಶೇಂಗಾ ಸುಲಿದು ಮುಗಿಸಿದಳು.

ಶರಣಪ್ಪ ಆಮೇಲೆ ಬಂದದ್ದು ಒಂದೇ ಸಲ. ಅವನಿಗೆ ಏನೂ ಗೊತ್ತಿರಲಿಲ್ಲ. ಭಾನುವಾರ, ಅದೇ ಹೊತ್ತು; ಕೈಯಲ್ಲೊಂದು ಬಟ್ಟೆಯ ಚೀಲ. ಅಪ್ಪ ಅವನನ್ನು ಒಳಗೆ ಕರೆಯದೆ ಗೇಟಿನ ಹೊರಗೆ ಬೇವಿನ ಗಿಡದ ನೆರಳಿಗೆ ಕರೆದುಕೊಂಡು ಹೋದರು. ನಾನು ಮೆಟ್ಟಿಲಿನಿಂದ ನೋಡಿದೆ. ಅಪ್ಪ ನೆಲ ನೋಡುತ್ತಾ ಏನೋ ಹೇಳಿದರು. ಅವನು ಒಂದೆರಡು ಸಲ ತಲೆಯಾಡಿಸಿದ, ಏನೋ ಸಣ್ಣ ಕೆಲಸ ಹೇಳಿದರೆ ಒಪ್ಪಿಕೊಳ್ಳುವ ಹಾಗೆ. ಅಪ್ಪ ಅವನ ಭುಜದ ಮೇಲೆ ಕೈ ಇಟ್ಟರು, ಮತ್ತೆ ತೆಗೆದರು. ಒಳಗೆ ಬಂದು ಚಹಾ ಕುಡಿದು ಹೋಗು ಎಂದು ಅವ್ವ ಬಾಗಿಲಿಂದ ಕರೆದಳು. “ಇನ್ನೊಮ್ಮೆ ಬರ್ತೀನ್ರಿ, ಗಾಡಿ ಹೊತ್ತಾಗ್ಯದ” ಅಂದ. ನನ್ನನ್ನು ಕಂಡು ಹತ್ತಿರ ಕರೆದು ಚೀಲ ಕೊಟ್ಟ.

“ಅಕ್ಕಾರಿಗೆ ಕೊಡವ್ವ. ಧೂಳ ಕೇಳಿದ್ರು.”

ಚೀಲ ಅಷ್ಟು ಸಣ್ಣದಿದ್ದರೂ ಭಾರವಿತ್ತು. ಅವನು ಸ್ಟೇಷನ್ನಿನ ದಾರಿ ಹಿಡಿದ. ತಿರುವಿನಲ್ಲಿ ಮರೆಯಾಗುವವರೆಗೂ ಅವ್ವ ಬಾಗಿಲಲ್ಲಿ ನಿಂತೇ ಇದ್ದಳು.

ಅಕ್ಕ ಮೇಲಿದ್ದಳು. ಕಿಟಕಿಯಿಂದ ಎಲ್ಲವನ್ನೂ ನೋಡಿದ್ದಳೋ ಏನೋ. ನಾನು ಚೀಲ ಕೊಟ್ಟಾಗ ಬಾಯಿ ಬಿಚ್ಚಿ ಒಳಗೆ ಬೆರಳಾಡಿಸಿದಳು. ಹಿಟ್ಟಿಗಿಂತ ನುಣ್ಣಗಿನ, ತಣ್ಣಗಿನ ಬಿಳಿ ಪುಡಿ. ತನ್ನ ಹಳೇ ತೆಳ್ಳನೆಯ ದಾವಣಿಯ ಒಂದು ತುಂಡು ತಂದು, ಅದರಲ್ಲಿ ಪುಡಿ ಹಾಕಿ ಗಂಟು ಕಟ್ಟಿ, ಬಿಳಿಕಲ್ಲಿನ ಛಾವಣಿಯ ಮೇಲೆ ಮೆಲ್ಲಗೆ ತಟ್ಟಿದಳು. ಛಾವಣಿ ಬೆಳ್ಳಗಾಯಿತು. ಬೇವಿನ ಮರ, ನೀರಿನ ಟಾಕಿ, ಪ್ಲಾಟ್‌ಫಾರ್ಮು ಬೆಳ್ಳಗಾದವು. ಅವನು ಹೇಳಿದಂತೆಯೇ ಇತ್ತು. ಒಂದು ಕ್ಷಣ ನಿಜವಾಗಿ ಅದು ಬೇಸಿಗೆಯ ಯಾವುದೋ ಊರು. ಆದರೆ ಅಕ್ಕ ಅಲ್ಲಿಗೆ ನಿಲ್ಲಿಸಲಿಲ್ಲ. ತಟ್ಟುತ್ತಾ ತಟ್ಟುತ್ತಾ ಅವ್ವನ ಹೊಲಗಳ ಮೇಲೆ ಬಂದಳು, ನನ್ನ ಗುಡ್ಡದ ಮೇಲೆ, ನಡುಗಡ್ಡಿಯ ಲೂಪಿನ ಮೇಲೆ, ಬಂಡಿಹಾಳದ ಸಿಗ್ನಲ್ಲುಗಳ ಮೇಲೆ. ಹಳಿಯ ಮೇಲೆ. ನಿಂತಿದ್ದ ಎಂಜಿನ್ನುಗಳ ಮೇಲೆ.

“ಅಕ್ಕಾ, ಎಂಜಿನ್ ಒಳಗ ಹೋಗತೈತಿ” ಅಂದೆ.

“ಹೋಗಲಿ” ಅಂದಳು.

ಸಿಟ್ಟಿನಲ್ಲಿ ಮಾಡಿದ್ದಲ್ಲ. ರಂಗೋಲಿ ಹಾಕುವವರ ಹಾಗೆ ನಿಧಾನವಾಗಿ, ಒಂದು ಮೂಲೆಯೂ ಉಳಿಯದಂತೆ ಮಾಡಿದಳು. ಚೀಲ ಖಾಲಿಯಾದ ಮೇಲೆ ಕೈ ಕೊಡವಿ, ಕಿಟಕಿ ಮುಚ್ಚಿ, ನನ್ನನ್ನು ಮುಂದೆ ಬಿಟ್ಟುಕೊಂಡು ಇಳಿದು ಬಂದಳು. ಸಂಜೆ ಅಪ್ಪ ಮೇಲೆ ಹೋದರು. ಬಹಳ ಹೊತ್ತಿನ ಮೇಲೆ ಕೆಳಗೆ ಬಂದಾಗ ಅವರ ಬೆರಳುಗಳೂ ಬೆಳ್ಳಗಿದ್ದವು. ಅವ್ವ ಊಟಕ್ಕೆ ಹಾಕಿದಳು.

ಮಳೆಗಾಲಕ್ಕೆ ಮುಂಚೆ ಆ ಸಾಫ್ಟ್‌ವೇರ್ ಹುಡುಗನ ಜೊತೆ ಅಕ್ಕನ ಮದುವೆ ಆಯಿತು. ಭಾವ ಒಳ್ಳೆಯವರು, ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ. ಮೆತ್ತಗಿನ ಮನುಷ್ಯ. ನಡುವೆ ಒಂದು ಸಲ ಕಂಪನಿ ಮುಚ್ಚಿ ಅವರು ಮನೆಯಲ್ಲಿ ಕೂತಾಗ ಅಕ್ಕನೇ ಕೆಲಸಕ್ಕೆ ಸೇರಿ ಸಂಸಾರ ನಡೆಸಿದಳು. ಆಮೇಲೆ ಇಬ್ಬರಿಗೂ ಕೆಲಸವಿತ್ತು, ಮಕ್ಕಳಾದರು, ಓದಿದರು. ಯಾರಾದರೂ ಅಪ್ಪನ ತೀರ್ಮಾನ ತಪ್ಪಾಯಿತು ಎಂದರೆ ತೋರಿಸಲು ಒಂದು ಗಾಯವೂ ಇಲ್ಲ. ಶರಣಪ್ಪನ ಸುದ್ದಿ ನಮಗೆ ಮತ್ತೆ ತಿಳಿಯಲಿಲ್ಲ.

ಅಪ್ಪ ಕೆಲವು ತಿಂಗಳು ಭಾನುವಾರ ಮಧ್ಯಾಹ್ನ ಮೇಲೆ ಹೋಗಿ ಬಟ್ಟೆಯಿಂದ ಹಳಿ ಒರೆಸುತ್ತಿದ್ದರು. ಎಂಜಿನ್ನುಗಳನ್ನು ಬಿಚ್ಚಿ ತೊಳೆದರು. ಅದರಲ್ಲೊಂದು ಮಾತ್ರ ನಾಲ್ಕು ಗೇಣು ಓಡಿ ನಿಲ್ಲುತ್ತಿತ್ತು. ನಾನು ಒಮ್ಮೆ ನಡುಗಡ್ಡಿಯ ಮುಂದೆ ಹೋಗಿ ಕೂತೆ. ಆದರೆ ಗಡಿಯಾರದ ಮುಂದೆ ಯಾರೂ ಇಲ್ಲದೆ ಯಾವ ಗಾಡಿ ಯಾವಾಗ ಬಿಡಬೇಕೆಂದು ನಮ್ಮಿಬ್ಬರಿಗೂ ತಿಳಿಯಲಿಲ್ಲ. ಅಕ್ಕ ಹಬ್ಬಕ್ಕೆ ಬರುತ್ತಿದ್ದಳು, ನಗುತ್ತಿದ್ದಳು, ಅವ್ವನ ಜೊತೆ ಹೋಳಿಗೆ ಲಟ್ಟಿಸುತ್ತಿದ್ದಳು. ಮೆಟ್ಟಿಲು ಮಾತ್ರ ಹತ್ತಲಿಲ್ಲ. ಅಪ್ಪ ಒಂದೊಂದು ಸಲ, “ಮ್ಯಾಲೆ ಒಂದು ಪಾಯಿಂಟ್ ಸರಿ ಮಾಡೀನಿ” ಎಂದು ಯಾರಿಗೋ ಹೇಳುವ ಹಾಗೆ ಹೇಳುತ್ತಿದ್ದರು. “ಹೌದೇನ್ರಿ” ಎನ್ನುತ್ತಿದ್ದಳು ಅಕ್ಕ. ಮುಂದೆ ಆ ಜಾಗಕ್ಕೆ ಬೆಲೆ ಬಂದು ಮನೆ ಒಡೆದು ಮಹಡಿ ಏರಿಸುವಾಗ ಹಲಗೆಗಳನ್ನೆಲ್ಲ ಕೂಲಿಯವರು ಇಳಿಸಿದರು. ಗುಡ್ಡ ಕೈ ಹಾಕಿದಲ್ಲೇ ಮುರಿಯಿತು; ಒಳಗಿನ ಪೇಪರಿನ ಅಕ್ಷರಗಳು ಇನ್ನೂ ಓದಲು ಬರುವಂತಿದ್ದವು. ಅಪ್ಪ ಅವತ್ತು ಮನೆಯಲ್ಲಿರಲಿಲ್ಲ, ಏನೋ ಕೆಲಸ ಹೇಳಿ ಕೋಠಿಗೆ ಹೋಗಿದ್ದರು.

ಅವ್ವ ಈಗ ಇಲ್ಲ. ಅಪ್ಪ ಕೂಕಟ್‌ಪಲ್ಲಿಯಲ್ಲಿ ಅಕ್ಕನ ಜೊತೆಯೇ ಇದ್ದಾರೆ. ಕಳೆದ ದೀಪಾವಳಿಗೆ ನಾನು ಹೋದಾಗ ಅವರು ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಎದುರಿಗೆ ಕಂಬಗಳ ಮೇಲೆ ಮೆಟ್ರೋ ಹೋಗುತ್ತದೆ. ಅಕ್ಕ ಅವರಿಗೆ ಮಾತ್ರೆ ಕೊಟ್ಟಳು, ಸ್ವೆಟರ್ ಹಾಕಿಸಿದಳು, ಬೆಳಿಗ್ಗೆ ಹೊಟ್ಟೆ ಸರಿ ಹೋಯಿತೇ ಎಂದು ಕೇಳಿದಳು. ಅವರು ಎಲ್ಲದಕ್ಕೂ ಉತ್ತರ ಕೊಟ್ಟರು. ಅವರಂಥ ಅಪ್ಪ-ಮಗಳನ್ನು ನೋಡಿದರೆ ಯಾರಿಗಾದರೂ ಹೊಟ್ಟೆ ತಣ್ಣಗಾಗಬೇಕು.

ಅಪ್ಪ ಕೂತಲ್ಲೇ ನಿದ್ದೆ ಹೋದ ಮೇಲೆ ನಾನು ಅಡಿಗೆಮನೆಯಲ್ಲಿ ಅಕ್ಕನನ್ನು ಕೇಳಿದೆ, ಇಷ್ಟು ವರ್ಷ ಕೇಳಲಾರದ ಮಾತು. ಆವಾಗಿನದು ಮನಸ್ಸಿನಲ್ಲಿ ಇದೆಯೇ ಅಂತ.

ಅವಳು ಚಕ್ಕುಲಿ ಡಬ್ಬಿಗೆ ಹಾಕುತ್ತಿದ್ದವಳು ಸ್ವಲ್ಪ ಯೋಚಿಸಿದಳು. “ಶರಣಪ್ಪನವ್ರ ಮಾರಿನೂ ಈಗ ಸರಿಯಾಗಿ ನೆನಪಿಲ್ಲ ನನಗ. ಮನಸಿನ್ಯಾಗ ಇರೂದು ಅವ್ರ ಸಲುವಾಗಿ ಅಲ್ಲ. ನಿನಗೇನು ಬೇಕು ಅಂತ ಅಪ್ಪ ನನ್ನ ಕೇಳಿದ್ರು. ನಾ ಹೇಳಿದೆ. ಅವತ್ತಿನ ಮ್ಯಾಲೆ ನಾ ಯಾರಿಗೂ ನನಗ ಇದ ಬೇಕು ಅಂತ ಹೇಳಿಲ್ಲ. ಹೇಳಬೇಕು ಅನಸಲಿಲ್ಲ.” ಅಷ್ಟು ಹೇಳಿ ಡಬ್ಬಿಯ ಮುಚ್ಚಳ ಹಾಕಿದಳು.

ಬಾಲ್ಕನಿಯಿಂದ ಅಪ್ಪ ಕೆಮ್ಮಿದ ಸದ್ದು ಕೇಳಿತು. ಅಕ್ಕ ಬಿಸಿನೀರು ತೆಗೆದುಕೊಂಡು ಹೋದಳು. ಅಪ್ಪ ಕುಡಿದು, ಲೋಟ ಮರಳಿ ಕೊಡುವಾಗ, “ನಿನಗ ಹಬ್ಬಕ್ಕ ಏನು ತರಿಸಲಿ, ನಂದಾ?” ಎಂದು ಕೇಳಿದರು.

“ನನಗೇನೂ ಬ್ಯಾಡ್ರಿ ಅಪ್ಪಾ” ಅಂದಳು ಅಕ್ಕ.